ಎತ್ತರದ ಊರಿಗೆ ಹೊರಡುವ ಮುನ್ನ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡಲು ಸಂಘದವರು ಹೇಳಿದ್ದರು. ಆದರೆ ಈಚೆಗೆ ನಮ್ಮೂರಿನ ಹುಡುಗರೂ ಬೇಸಿಗೆಯಲ್ಲಿ ಲಡಾಖ್‌ಗೆ ಹೊರಡುತ್ತಿದ್ದಾರೆ. ಎರಡು ಸಲ ಅಲ್ಲಿ ಡೇರೆಯಲ್ಲಿ ಮಲಗಿ ಬಂದವನಾದ್ದರಿಂದ ಆ ವಿಷಯವನ್ನೇ ಹೇಳುತ್ತೇನೆ.

ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಒಂದೇ ದಿನದಲ್ಲಿ ಅಲ್ಲಿರುತ್ತಾರೆ. ದೇಹಕ್ಕೆ ಆ ವೇಗ ಸಾಧ್ಯವಿಲ್ಲ.

ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ನೂರಕ್ಕೆ 21 ಪಾಲೇ. ಕಡಿಮೆಯಾಗುವುದು ಗಾಳಿಯ ಒತ್ತಡ. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿ ನಮ್ಮ ವಿಜ್ಞಾನದ ಮೇಷ್ಟ್ರು ತೋರಿಸುತ್ತಿದ್ದರಲ್ಲ, ಅದೇ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ಆಗ ಉಸಿರಾಟ, ಎದೆಬಡಿತ ತಕ್ಷಣ ಹೆಚ್ಚುತ್ತವೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಆದ್ದರಿಂದ ಲೇಹ್‌ನಲ್ಲಿ ಮೊದಲ ಎರಡು ದಿನ ವಿಶ್ರಾಂತಿ. ಮದ್ಯ, ನಿದ್ದೆಮಾತ್ರೆ ಬೇಡ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎನ್ನುತ್ತಾರೆ ವೈದ್ಯರು. ಇದಕ್ಕೆ ಮಾತ್ರೆಯೂ ಇದೆ, ಆದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಗಟ್ಟಿ ಮೈಯವರಿಗೆ ಏನೂ ಆಗದು ಎಂಬ ನಂಬಿಕೆ ತಪ್ಪು. ಪಾಂಗಾಂಗ್ ಸರೋವರ 4,200 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ನಮ್ಮ ತಂಡದ ಕಬಡ್ಡಿ ಆಟಗಾರನಿಗೆ ಸಂಜೆಯಿಂದಲೇ ತಲೆನೋವು, ವಾಕರಿಕೆ. ಎಲ್ಲರ ಪ್ರವಾಸ ತನ್ನಿಂದ ಕೆಡಬಾರದೆಂದು ಬಾಯಿ ಬಿಡಲಿಲ್ಲ. ರಾತ್ರಿ ಡೇರೆಯಿಂದ ಹೊರಬಂದವನು ಕುಡಿದವನಂತೆ ತೂರಾಡಿದ. ಕಂಡ ಕೂಡಲೇ ನಮ್ಮ ಲಡಾಖಿ ಡ್ರೈವರಣ್ಣ ಗಾಡಿ ತೆಗೆದರು. ತೂರಾಟ ಎಂದರೆ ಮಿದುಳು ಊದಿಕೊಂಡಿರುವ ಸೂಚನೆ. ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡೂ ಪ್ರಾಣಕ್ಕೆ ಅಪಾಯ. ಬೆಳಗಿನವರೆಗೆ ಕಾಯದೆ ಕೆಳಗಿಳಿಯಬೇಕು. ಆದರೆ ಪಾಂಗಾಂಗ್‌ನಿಂದ ಲೇಹ್‌ಗೆ ಮರಳಲು 5,300 ಮೀಟರ್ ಮೀರಿದ ಚಾಂಗ್ ಲಾ ಹತ್ತಿಯೇ ಇಳಿಯಬೇಕು! ದಾರಿಯಲ್ಲಿ ಸರೋವರಕ್ಕಿಂತ ತಗ್ಗಿನಲ್ಲಿದ್ದ ಹಳ್ಳಿಯಲ್ಲಿ ಆಮ್ಲಜನಕ ಸಿಕ್ಕಿ ಗೆಳೆಯ ಉಳಿದ.

ಮಕ್ಕಳೇ, ಆಟದ ಮೈದಾನದಲ್ಲಿ ನೋವು ನುಂಗಿಕೊಂಡವನಿಗೆ ಚಪ್ಪಾಳೆ ಸಿಗುತ್ತದೆ. ಬೆಟ್ಟದ ಮೇಲೆ ಹಾಗೆ ಮಾಡಬೇಡಿ. ತಲೆನೋವು ಬಂದರೆ ಹೇಳಿ. ಜೊತೆಯವರು ಪ್ರತಿ ಸಂಜೆ ಒಬ್ಬೊಬ್ಬರನ್ನೂ ಕೇಳಿ. ಯಾರಿಗಾದರೂ ಆಗದಿದ್ದರೆ ಮುಂದಿನ ಜಾಗ ಬಿಟ್ಟುಬಿಡಿ. ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ಹೋಗಿ, ಚೆನ್ನಾಗಿ ನೋಡಿ, ಎಲ್ಲರೂ ಒಟ್ಟಿಗೆ ಮನೆಗೆ ಬನ್ನಿ.