ಪರದೇಶದ ವಾರ್ಡಿನಲ್ಲಿ

ನಮ್ಮ ಆಸ್ಪತ್ರೆಗಳಲ್ಲಿ ರೋಗಿಗಳ ಪಾಲಿಗೆ ದಾದಿಯರೆಲ್ಲರೂ ‘ಸಿಸ್ಟರ್’. ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಈ ಹೆಸರಿನಿಂದಲೇ ಕರೆಸಿಕೊಂಡ ನಾನು, 2022ರ ನವೆಂಬರಿನಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿಗೆ ಹೋದೊಡನೆ ಅದನ್ನು ಕಳೆದುಕೊಂಡೆ. ಅಲ್ಲಿ ಸಿಸ್ಟರ್ ಎಂಬುದು ಒಂದು ಪದವಿ. ವಾರ್ಡಿನ ಹೊಣೆ ಹೊತ್ತ ಹಿರಿಯಳಿಗೆ ಮಾತ್ರ ಸಲ್ಲತಕ್ಕದ್ದು. ಉಳಿದವರಿಗೆ ಹೆಸರೇ ಸಾಕು. ಮೊದಲ ದಿನ ದೊಡ್ಡ ಡಾಕ್ಟರು ವಾರ್ಡಿಗೆ ಬಂದಾಗ ನಾನು ಬರೆಯುತ್ತಿದ್ದುದನ್ನು ಬಿಟ್ಟು ದಡಕ್ಕನೆ ಎದ್ದು ನಿಂತೆ. ತಮ್ಮ ಬೆನ್ನ ಹಿಂದೆ ಯಾರೋ ಬಂದಿರಬೇಕೆಂದು ಅವರು ತಿರುಗಿ ನೋಡಿದರು.

ಹೋದೊಡನೆ ನಾನು ದಾದಿಯೂ ಆಗಿರಲಿಲ್ಲ. ಆ ದೇಶದ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ಲಿನ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಎರಡು ಪರೀಕ್ಷೆಗಳು. ಕಂಪ್ಯೂಟರಿನ ಮುಂದೆ ಕುಳಿತು ಉತ್ತರಿಸುವುದನ್ನು ಇಲ್ಲಿಂದಲೇ ಮುಗಿಸಿದ್ದೆ. ಎರಡನೆಯದು ಕೈಕೆಲಸದ ಪರೀಕ್ಷೆ. 2021ರಿಂದ ಅದಕ್ಕೆ ಹತ್ತು ಘಟ್ಟಗಳು. ರೋಗಿಯ ಪಾತ್ರ ವಹಿಸಿದವರಿಗೆ ಮಾತ್ರೆ ಕೊಡುವ ಮುನ್ನ ಕೈಪಟ್ಟಿ ನೋಡಿ, ಹೆಸರು, ಹುಟ್ಟಿದ ದಿನ, ಒಗ್ಗದ ಔಷಧಿ ಇವನ್ನು ಕೇಳುವುದನ್ನು ಮರೆತೆ. ನಲವತ್ತು ಹಾಸಿಗೆಗಳ ವಾರ್ಡಿನಲ್ಲಿ ಮುಖ ನೋಡಿಯೇ ಮದ್ದು ಕೊಡುತ್ತಿದ್ದವಳು ನಾನು. ಅನುತ್ತೀರ್ಣಳಾದೆ. ಆಗ ಬಂದ ಕೋಪ ಈಗಿಲ್ಲ. ಮುಖ ನೋಡಿ ಮದ್ದು ಕೊಟ್ಟ ದಿನಗಳನ್ನು ನೆನೆದರೆ ಈಗ ಭಯವಾಗುತ್ತದೆ. ಎರಡನೆಯ ಬಾರಿ ಗೆದ್ದ ಮೇಲೂ, ಸಾವಿರಾರು ಕೈಗಳಿಗೆ ಡ್ರಿಪ್ಪಿನ ಸೂಜಿ ಚುಚ್ಚಿದ್ದ ನನಗೆ, ಅಲ್ಲಿಯ ತರಬೇತಿ ಮುಗಿಯುವವರೆಗೆ ಒಂದು ಸೂಜಿ ಹಾಕಲೂ ಅಪ್ಪಣೆ ಇರಲಿಲ್ಲ.

ಇಂಗ್ಲಿಷ್ ಬಲ್ಲೆನೆಂಬ ಹಮ್ಮು ವಾರದೊಳಗೇ ಇಳಿಯಿತು. ಪಾಳಿ ಬದಲಾಗುವಾಗ ಒಬ್ಬರನ್ನು ‘ಬಹಳ ಪೂರ್ಲಿ’ ಎಂದರು. ಪಾಪ, ಬಡವರಿರಬೇಕೆಂದುಕೊಂಡೆ. ತೀರ ಕಾಯಿಲೆಯಾಗಿದೆ, ಉಳಿಯುವುದು ಕಷ್ಟವೆಂದು ಆ ಮಾತಿನ ಅರ್ಥ. ಒಬ್ಬ ಅಜ್ಜಿ ‘ಒಂದು ಪೆನ್ನಿ ಖರ್ಚು ಮಾಡಬೇಕು’ ಎಂದಾಗ ಅಂಗಡಿ ಕೆಳಗಿನ ಮಹಡಿಯಲ್ಲಿದೆ ಎಂದೆ. ಹಿಂದೆ ಸಾರ್ವಜನಿಕ ಶೌಚಾಲಯದ ಬಾಗಿಲು ತೆರೆಯಲು ಒಂದು ಪೆನ್ನಿ ಹಾಕಬೇಕಾಗಿತ್ತಂತೆ. ಆಕೆಗೆ ಹೋಗಬೇಕಾಗಿದ್ದುದು ಅಲ್ಲಿಗೆ!

ನಮ್ಮಲ್ಲಿ ರೋಗಿಯ ಮೈ ಒರೆಸುವವರು, ಗಂಜಿ ಕುಡಿಸುವವರು ಮನೆಯವರು. ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರೂ ಅವರೇ. ಅಲ್ಲಿ ಇದೆಲ್ಲ ನಮ್ಮ ಕೆಲಸ. ಓದಿದ್ದು ಇದಕ್ಕೇನು ಎಂದು ಮೊದಮೊದಲು ಅನಿಸಿದ್ದುಂಟು. ಆದರೆ ಬೆನ್ನು ಒರೆಸುವಾಗ ಜನ ಆಡುವ ಮಾತೇ ಬೇರೆ.

ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಒಬ್ಬ ಮುದುಕರು ರಾತ್ರಿ ಮೂರರ ಹೊತ್ತಿಗೆ, ‘ನನ್ನ ಕಾಲ ಮುಗಿಯಿತೇನಮ್ಮ?’ ಎಂದು ಕೇಳಿದರು. ನನ್ನ ಬಾಯಿಗೆ ಊರಿನ ಉತ್ತರವೇ ಬಂತು: ‘ಏನೂ ಆಗುವುದಿಲ್ಲ, ಬೇಗ ಗುಣವಾಗುತ್ತೀರಿ.’ ಅವರು ಗೋಡೆಯ ಕಡೆ ತಿರುಗಿದರು. ಬೆಳಗಾಗುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಬೆಳಿಗ್ಗೆ ಸಿಸ್ಟರ್ ನನ್ನನ್ನು ಗದರಿಸಲಿಲ್ಲ. ‘ಮುಂದಿನ ಸಲ ಒಂದು ಕುರ್ಚಿ ಎಳೆದುಕೊಂಡು ಕೂತುಕೋ. ನಿಮಗೇನನಿಸುತ್ತದೆ ಎಂದು ಮೊದಲು ಅವರನ್ನೇ ಕೇಳು’ ಎಂದಳು. ಅಲ್ಲಿ ರೋಗದ ಸುದ್ದಿ ರೋಗಿಯ ಸ್ವತ್ತು. ಅವರು ಒಪ್ಪದೆ ಮಗನಿಗೂ ಹೇಳುವಂತಿಲ್ಲ. ಬುದ್ಧಿ ಸ್ವಾಧೀನದಲ್ಲಿರುವ ರೋಗಿ ಚಿಕಿತ್ಸೆ ಬೇಡವೆಂದರೆ, ಅದು ನಮಗೆ ಅವಿವೇಕವೆನಿಸಿದರೂ, ಅವರ ಮಾತೇ ನಡೆಯಬೇಕು. 2005ರ ಒಂದು ಕಾಯಿದೆ ಇದನ್ನು ಬಿಚ್ಚಿ ಹೇಳಿದೆ. ನಮ್ಮಲ್ಲಿಯೋ, ಡಾಕ್ಟರು ಮನೆಯವರನ್ನು ಬಾಗಿಲ ಹೊರಗೆ ಕರೆದು ಹೇಳುತ್ತಾರೆ. ಒಳಗೆ ಮಲಗಿದವರಿಗೆ ಎಲ್ಲರೂ ನಗುಮುಖ ತೋರಿಸುತ್ತಾರೆ. ಅದರಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಅಂಥ ನಗುಮುಖವನ್ನು ನಾನೂ ಎಷ್ಟೋ ಬಾರಿ ಹೊತ್ತಿದ್ದೇನೆ.

2024ರಲ್ಲಿ ಅಣ್ಣ ಫೋನು ಮಾಡಿದ. ಅಮ್ಮನಿಗೆ ಕರುಳಿನ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿದೆ. ‘ಬರುವುದಾದರೆ ಬಾ. ಅವಳೆದುರು ಮಾತ್ರ ಬಾಯಿ ಬಿಡಬೇಡ ಮಾರಾಯ್ತಿ. ಅಲ್ಸರ್ ಅಂತ ಹೇಳಿದ್ದೇವೆ’ ಎಂದ. ಒಪ್ಪಿಕೊಂಡೇ ಬಂದೆ.

ಬಂದ ನಾಲ್ಕನೆಯ ರಾತ್ರಿ ಅಮ್ಮನ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದೆ. ‘ನಿಜ ಹೇಳೇ, ನಂಗೇನಾಗಿದೆ?’ ಎಂದಳು. ಬಟ್ಟೆಯನ್ನು ಚೊಂಬಿನ ಮೇಲಿಟ್ಟು ಅವಳೆದುರು ಕೂತೆ. ‘ನಿಂಗೇನನ್ನಿಸ್ತದೆ ಅಮ್ಮ?’

‘ಅಲ್ಸರಿಗೆ ಯಾರಾದರೂ ಇಂಗ್ಲೆಂಡಿಂದ ಮಗಳನ್ನ ಕರೆಸ್ತಾರಾ?’ ಎಂದಳು ಅಮ್ಮ.

ಆಮೇಲೆ ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಕೇಳದ್ದನ್ನು ಹೇಳಲಿಲ್ಲ. ತಾನು ಇಲ್ಲೇ, ಈ ಕೋಣೆಯಲ್ಲೇ ಇರುವುದಾಗಿಯೂ, ಇನ್ನು ಮಂಗಳೂರಿಗೆ ಕರೆದೊಯ್ಯಬಾರದೆಂದೂ ಹೇಳಿದಳು.

ಅಣ್ಣ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅಮ್ಮನೇ ಅವನನ್ನು ಕರೆದು, ಸೊಸೈಟಿಯ ಅಡಿಕೆ ಲೆಕ್ಕವನ್ನೂ ಬೆಂಡೋಲೆ ಯಾವ ಮೊಮ್ಮಗಳಿಗೆಂಬುದನ್ನೂ ಬರೆಸಿದಳು. ಅವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ನಾನು ಒಳಗೆ ಹೋಗಿ ಗಂಜಿಗೆ ನೀರಿಟ್ಟೆ.