ಕೂಸಿನ ಥೆರಪಿ: ಗುಣ ಬರ್ತದೋ ಇಲ್ಲೋ, ತೂಗಿ ನೋಡೋಣ

(ಕುರಕುಂಟಾದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಸಂಘದಲ್ಲಿ ಸಾಲ ಕೊಡುವ ಮುಂಚೆ ನಾವು ನಾಲ್ಕು ಮಾತು ಕೇಳ್ತೀವಿ. ಸಾಲ ಯಾತಕ್ಕ, ಎಷ್ಟು, ಅದರಿಂದ ಏನು ಬರ್ತದ, ಹ್ಯಾಂಗ ತೀರಿಸ್ತೀ? ಎಮ್ಮೆ ಕೊಳ್ಳೋದಿದ್ದರೆ ಎಷ್ಟು ಹಾಲು ಕೊಡ್ತದ ಅಂತ ಊರೆಲ್ಲಾ ವಿಚಾರಿಸ್ತೀವಿ. ಆದರೆ "ಮಗನ ಥೆರಪಿಗೆ ಬೇಕಾಗ್ಯದ" ಅಂತ ಒಬ್ಬ ತಾಯಿ ಅಂದಳೆಂದರೆ ಎಲ್ಲರೂ ಸುಮ್ಮನಾಗ್ತೀವಿ. ಕೂಸಿನ ವಿಷಯ, ಹ್ಯಾಂಗ ಕೇಳೋದು ಅಂತ ಸಂಕೋಚ. ಇದರಿಂದ ಆ ತಾಯಿಗೇ ನಷ್ಟ. ಕೇಳುವವರು ಇಲ್ಲದ ಕಡೆ ಮಾರುವವರು ಬಹಳ ಮಂದಿ ಇರ್ತಾರ. ಆದ್ದರಿಂದ ಇವತ್ತು ಆಟಿಸಂ ಇರುವ ಸಣ್ಣ ಮಕ್ಕಳಿಗೆ ಕೊಡುವ ಥೆರಪಿಯನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಮಾತಾಡೋಣ.

ಆಟಿಸಂ ಅಂದರೆ ಏನು?

ಆಟಿಸಂ ಅಥವಾ ಸ್ವಲೀನತೆ ಎಂದರೆ ಮೆದುಳಿನ ಬೆಳವಣಿಗೆಯೇ ಬೇರೆ ರೀತಿಯಲ್ಲಿ ಆಗಿರುವುದು. ಕೂಸು ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಒಂದೂವರೆ ವರ್ಷವಾದರೂ ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸುವುದಿಲ್ಲ. ಕಲಿತಿದ್ದ ನಾಲ್ಕು ಮಾತು ನಿಂತುಹೋಗುತ್ತವೆ. ಕೈ ಝಾಡಿಸುವುದು, ಗಾಲಿಯನ್ನೇ ತಿರುಗಿಸುತ್ತ ಕೂಡುವುದು, ಕುಕ್ಕರ್ ಸೀಟಿಗೆ ಕಿವಿ ಮುಚ್ಚಿ ಅಳುವುದು ಕೂಡ ಇರಬಹುದು. ಇಂಥ ಒಂದು ಗುರುತು ಕಂಡ ಮಾತ್ರಕ್ಕೆ ಆಟಿಸಂ ಅಂತ ಅಲ್ಲ. ಆದರೆ ತೋರಿಸಲೇಬೇಕು. ಮೊದಲು ಕಿವಿ ಪರೀಕ್ಷೆ ಆಗಬೇಕು, ಯಾಕಂದ್ರ ಕೇಳದ ಕೂಸೂ ಕರೆದರೆ ತಿರುಗೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ದೊಡ್ಡ ಊರುಗಳಲ್ಲಿ ಇಂಥ ಮಕ್ಕಳು ಇದ್ದೇ ಇರ್ತಾರ. ನಾವು "ಮೂಕ", "ಹಟಮಾರಿ", "ಗಾಳಿ ಬಡಿದದ" ಅಂತ ಬೇರೆ ಹೆಸರಿನಿಂದ ಕರೆದಿರ್ತೀವಿ.

ಇನ್ನೊಂದು ಮಾತು ಮನಸ್ಸಿನಲ್ಲಿ ಗಟ್ಟಿ ಇಟ್ಟುಕೊಳ್ಳಿ. ಇದು ತಾಯಿಯ ತಪ್ಪಲ್ಲ. ಹಿಂದೆ ಪರದೇಶದ ದೊಡ್ಡ ದೊಡ್ಡ ವೈದ್ಯರೇ ತಾಯಿಗೆ ಪ್ರೀತಿ ಕಡಿಮೆ ಆದ್ದರಿಂದ ಹೀಗಾಯಿತು ಅಂತ ಬರೆದರು. ಅದು ಸುಳ್ಳೆಂದು ಸಾಬೀತಾಗಿ ಬಹಳ ವರ್ಷಗಳಾದವು. ಲಸಿಕೆಯಿಂದ ಆಟಿಸಂ ಬರ್ತದ ಎಂಬ ಮಾತೂ ಸುಳ್ಳು. 1998ರಲ್ಲಿ ಬರೇ 12 ಮಕ್ಕಳ ಮೇಲೆ ಬರೆದ ಒಂದು ಲೇಖನದಿಂದ ಆ ಗುಲ್ಲು ಎದ್ದಿತು. ಅದನ್ನು ಅಚ್ಚು ಹಾಕಿದ್ದ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ದಡಾರದ ಲಸಿಕೆ ತಪ್ಪಿಸಬ್ಯಾಡ್ರಿ.

ಅರ್ಧ ಹೊಲದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಕೂಸಿಗೆ ಮೂರು ವರ್ಷ. ಎಂಟು ತಿಂಗಳು ಥೆರಪಿ ಕೊಡಿಸಿದರು. ಮೊದಲು ಎರಡು ಮಾತು ಆಡ್ತಿತ್ತು, ಈಗ ಹತ್ತು ಆಡ್ತದ. ಥೆರಪಿಯಿಂದ ಆಯ್ತು ಅಂತ ಹೇಳಬಹುದೋ?

ತೊಗರಿ ಬಿತ್ತುವ ನಿಮಗೆ ಇದರ ಉತ್ತರ ಗೊತ್ತದ. ಹೊಸ ಬೀಜ ತಂದು ಇಡೀ ಹೊಲಕ್ಕೆ ಬಿತ್ತಿದಿರಿ, ಬೆಳೆ ಛಲೋ ಬಂತು. ಬೀಜದಿಂದ ಬಂತೋ, ಮಳೆಯಿಂದ ಬಂತೋ? ಮಳೆ ಛಲೋ ಆದ ವರ್ಷ ಹಳೆ ಬೀಜವೂ ಛಲೋ ಬೆಳೀತದ. ಖರೆ ತಿಳೀಬೇಕಾದರೆ ಅದೇ ಹೊಲದ ಅರ್ಧಕ್ಕೆ ಹೊಸ ಬೀಜ, ಅರ್ಧಕ್ಕೆ ಹಳೆ ಬೀಜ ಹಾಕಿ, ಎರಡೂ ರಾಶಿ ಬೇರೆ ಬೇರೆ ತೂಗಬೇಕು. ಮತ್ತ ಆ ತೂಕ ಬೀಜ ಮಾರಿದವನು ಮಾಡಬಾರದು.

ಮಕ್ಕಳೂ ಹಾಗೆಯೇ. ವಯಸ್ಸು ಏರಿದಂತೆ ಆಟಿಸಂ ಇರುವ ಕೂಸೂ ತನ್ನಷ್ಟಕ್ಕೆ ಸ್ವಲ್ಪ ಕಲೀತದ. ಆ ಬೆಳವಣಿಗೆಗೂ ಥೆರಪಿಯ ಗುಣಕ್ಕೂ ವ್ಯತ್ಯಾಸ ತಿಳಿಯಲು ಎರಡು ಗುಂಪು ಬೇಕು. ಯಾವ ಕೂಸು ಯಾವ ಗುಂಪಿಗೆ ಎಂಬುದನ್ನು ನಮ್ಮ ಚೀಟಿ ಎತ್ತಿದಂತೆ ಎತ್ತಬೇಕು. ಮಕ್ಕಳನ್ನು ನೋಡಿ ಅಂಕ ಹಾಕುವವರಿಗೆ ಯಾವ ಕೂಸಿಗೆ ಥೆರಪಿ ಸಿಕ್ಕಿದೆ ಎಂಬುದು ಗೊತ್ತಿರಬಾರದು.

ಹಾಗೆ ತೂಗಿದಾಗ ಏನು ಕಂಡಿತು?

ನಮ್ಮ ರಾಜ್ಯದಿಂದಲೇ ಸುರು ಮಾಡೋಣ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ ಅವರು 2000ದ ಹೊತ್ತಿಗೆ 'ಕಮ್ಯುನಿಕೇಷನ್ ಡೀಲ್' ಎಂಬ ಕಾರ್ಯಕ್ರಮ ಕಟ್ಟಿದರು. ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆ ಮಾತು, ಕೈಕಾಲಿನ ಚಲನೆ, ಇನ್ನೊಬ್ಬರೊಂದಿಗೆ ಬೆರೆಯುವುದು, ಇವನ್ನೆಲ್ಲಾ ಸಣ್ಣ ಗುಂಪಿನಲ್ಲಿ ಕಲಿಸುವ ಪದ್ಧತಿ ಇದು. ನಮ್ಮ ದೇಶದಲ್ಲೇ ಹುಟ್ಟಿದ್ದು. 2010ರಲ್ಲಿ 30 ಮಕ್ಕಳ ಫಲಿತಾಂಶ ಪ್ರಕಟವಾಯಿತು. ಮಕ್ಕಳು ಹಲವು ವಿಷಯಗಳಲ್ಲಿ ಮುಂದೆ ಬಂದಿದ್ದರು. ಇದು ಸಂತೋಷದ ಸುದ್ದಿ. ಆದರೆ ಅದು ಮೊದಲು ಮತ್ತು ನಂತರದ ಅಳತೆ, ಅಂದರೆ ಇಡೀ ಹೊಲಕ್ಕೆ ಹೊಸ ಬೀಜ ಬಿತ್ತಿದ ಲೆಕ್ಕ. ಅದರಿಂದ ಭರವಸೆ ಹುಟ್ಟುತ್ತದೆ, ಪಕ್ಕಾ ಸಾಬೀತು ಆಗುವುದಿಲ್ಲ.

ಅರ್ಧ ಹೊಲದ ಲೆಕ್ಕ ಗೋವಾದಲ್ಲಿ ಆಯಿತು. 'ಸಂಗಾತ್' ಎಂಬ ಸಂಸ್ಥೆಯವರು ಗೋವಾದಲ್ಲಿ, ಅವರ ಜೊತೆಗಾರರು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ, 2ರಿಂದ 9 ವರ್ಷದ 65 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆ 'ಪಾಸ್' ಎಂಬ ತರಬೇತಿ. ತರಬೇತಿ ಕೊಟ್ಟವರು ಡಾಕ್ಟರೂ ಅಲ್ಲ, ಥೆರಪಿಸ್ಟರೂ ಅಲ್ಲ, ಕಲಿಸಿ ತಯಾರು ಮಾಡಿದ ಸಾಮಾನ್ಯ ಕಾರ್ಯಕರ್ತರು. ತಾಯಿ ಮತ್ತು ಕೂಸು ಆಡುವುದನ್ನು ವಿಡಿಯೋ ತೆಗೆದು, ತಾಯಿಗೇ ತೋರಿಸಿ, "ನೋಡ್ರಿ, ಇಲ್ಲಿ ಕೂಸು ನಿಮ್ಮ ಕಡೆ ನೋಡಿತು, ನೀವು ಅದಕ್ಕೆ ಉತ್ತರ ಕೊಟ್ಟಿರಿ" ಅಂತ ಮಾತಾಡುವುದು ಇದರ ರೀತಿ.

2016ರಲ್ಲಿ ಫಲಿತಾಂಶ ಬಂತು. ತಾಯಂದಿರು ಕೂಸಿನ ಸೂಚನೆ ಹಿಡಿದು ಉತ್ತರಿಸುವುದು ಬಹಳ ಹೆಚ್ಚಿತ್ತು. ಮಕ್ಕಳು ತಾವಾಗಿಯೇ ಏನಾದರೂ ಹೇಳಲು, ತೋರಿಸಲು ಮುಂದಾಗುವುದೂ ಹೆಚ್ಚಿತ್ತು. ಆದರೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಇಡುವ ಹೊತ್ತು ಹೆಚ್ಚಲಿಲ್ಲ, ಕಡಿಮೆಯೇ ಆಗಿತ್ತು. ಅದನ್ನು ಅವರು ಮುಚ್ಚಿಡದೆ ಬರೆದರು. ಒಂದು ಲೆಕ್ಕ ನಂಬುವ ಹಾಗಿದೆ ಅನ್ನುವುದಕ್ಕೆ ಇದೂ ಒಂದು ಗುರುತು. ಬರೇ ಲಾಭದ ಕಾಲಮ್ಮೇ ಇರುವ ಲೆಕ್ಕಪುಸ್ತಕವನ್ನು ನಮ್ಮ ಸಂಘದಲ್ಲೂ ಯಾರೂ ನಂಬೋದಿಲ್ಲ.

ಈ ಪದ್ಧತಿಯ ಮೂಲ ಇಂಗ್ಲೆಂಡಿನದು. ಅಲ್ಲಿ 152 ಮಕ್ಕಳ ಮೇಲೆ ಮಾಡಿದ ಪರೀಕ್ಷೆ 2010ರಲ್ಲಿ ಪ್ರಕಟವಾದಾಗ ಆಟಿಸಂ ಲಕ್ಷಣಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅವೇ ಮಕ್ಕಳನ್ನು ಸುಮಾರು ಆರು ವರ್ಷದ ನಂತರ ನೋಡಿದಾಗ ಥೆರಪಿ ಪಡೆದ ಗುಂಪಿನಲ್ಲಿ ಲಕ್ಷಣಗಳ ತೀವ್ರತೆ ಸ್ವಲ್ಪ ಕಡಿಮೆ ಇತ್ತು. ಹಾಗಾದರೆ ನಾವು ಏನು ತಿಳಿಯಬೇಕು? ಗುಣ ನಿಧಾನ ಬರ್ತದ, ಸಣ್ಣದಾಗಿ ಬರ್ತದ, ಎಲ್ಲದರಲ್ಲೂ ಬರೋದಿಲ್ಲ. "ಮೂರು ತಿಂಗಳಲ್ಲಿ ಪೂರ್ತಿ ವಾಸಿ" ಅನ್ನುವವರ ಕೈಯಲ್ಲಿ ಇಂಥ ಯಾವ ಲೆಕ್ಕವೂ ಇಲ್ಲ.

ಹಣ ಕೊಡುವ ಮುಂಚೆ ಐದು ಪ್ರಶ್ನೆ

ಹೈದರಾಬಾದಿಗೆ ಹೋಗಲಿ, ಕಲಬುರಗಿಗೆ ಹೋಗಲಿ, ಊರಿಗೇ ಬಂದವರಿರಲಿ, ಇವನ್ನು ಕೇಳ್ರಿ.

1. ಇದರಿಂದ ನನ್ನ ಕೂಸು ಏನು ಕಲೀತದ? "ಸುಧಾರಿಸ್ತದ" ಅಂದರೆ ಸಾಲದು. "ನೀರು ಬೇಕಾದರೆ ಬೆರಳು ಮಾಡಿ ಕೇಳ್ತದ" ಎಂಬಂಥ ಕಣ್ಣಿಗೆ ಕಾಣುವ ಗುರಿ ಬೇಕು.

2. ಎಷ್ಟು ದಿನಕ್ಕೊಮ್ಮೆ ಅಳೆಯುತ್ತೀರಿ, ಯಾರು ಅಳೆಯುತ್ತಾರೆ?

3. ಮೂರು-ನಾಲ್ಕು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಏನು ಮಾಡ್ತೀರಿ?

4. ನಾನು ಒಳಗೆ ಕೂತು ನೋಡಬಹುದೋ? ಮನೆಯಲ್ಲಿ ಮಾಡುವುದನ್ನು ನನಗೂ ಕಲಿಸ್ತೀರೋ? ಬಾಗಿಲು ಹಾಕಿ, ತಾಯಿಯನ್ನು ಹೊರಗೆ ಕೂರಿಸುವ ಕಡೆ ಹುಷಾರಾಗಿರಿ. ಹೊಡೆಯುವುದು, ಕಟ್ಟಿಹಾಕುವುದು ಥೆರಪಿ ಅಲ್ಲ.

5. ಒಟ್ಟು ಖರ್ಚು ಎಷ್ಟು? ಫೀಸಿನ ಜೊತೆ ರೈಲು-ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮನೆಯ ಉಳಿದ ಮಕ್ಕಳ ಊಟ-ಅಭ್ಯಾಸ, ಎಲ್ಲಾ ಲೆಕ್ಕಕ್ಕೆ ಹಿಡೀರಿ.

ಕೆಲವಕ್ಕೆ ಪ್ರಶ್ನೆಯೇ ಬೇಡ, ಬೇಡ ಅಂತ ಹೇಳಿಬಿಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ತೆಗೆದುಕೊಳ್ಳುವವರಿದ್ದಾರೆ. ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೊಲ ಒತ್ತಿ ಇಟ್ಟು ಇದಕ್ಕೆ ಹೋಗಬ್ಯಾಡ್ರಿ. ರಕ್ತದಿಂದ ವಿಷ ತೆಗೀತೀವಿ ಅಂತ ಔಷಧ ಕೊಡುವುದೂ ಅಪಾಯ, ಅದರಿಂದ ಪರದೇಶದಲ್ಲಿ ಮಕ್ಕಳ ಜೀವ ಹೋಗಿದೆ.

ನೋಟ್‌ಬುಕ್ ಇಡುವುದು

ಸಂಘದ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೂರೇ ಗುರಿ ಬರೆಯಿರಿ. ಕರೆದರೆ ತಿರುಗುವುದು, ಬೇಕಾದ್ದು ತೋರಿಸುವುದು, ತಾಟಿನ ಮುಂದೆ ಐದು ನಿಮಿಷ ಕೂಡುವುದು. ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ, ಹತ್ತು ಸಲ ಕರೆದು ಎಷ್ಟು ಸಲ ತಿರುಗಿತು ಅಂತ ಗೀಟು ಹಾಕಿ. ಓದು-ಬರಹ ಬಾರದ ತಾಯಿಯೂ ಗೀಟು ಹಾಕಬಹುದು. ತಾಯಿಯ ಮನಸ್ಸು ಆಸೆಯಿಂದ ಹೆಚ್ಚು ಎಣಿಸ್ತದ, ದಣಿವಿನಿಂದ ಕಡಿಮೆ ಎಣಿಸ್ತದ. ಆದ್ದರಿಂದ ತಿಂಗಳಿಗೊಮ್ಮೆ ಸಂಘದ ಇನ್ನೊಬ್ಬಾಕಿ ಬಂದು ಎಣಿಸಲಿ. ಈ ನೋಟ್‌ಬುಕ್ ಥೆರಪಿಸ್ಟರ ಮುಂದೆ ಇಟ್ಟರೆ ಅವರೂ ನಿಮ್ಮ ಮಾತು ಕೇಳ್ತಾರ. ಕೂಸು ಕೈ ಝಾಡಿಸುವುದನ್ನು ನಿಲ್ಲಿಸುವುದು ಗುರಿಯಾಗಬಾರದು. ಅದರಿಂದ ಯಾರಿಗೂ ತೊಂದರೆ ಇಲ್ಲ. ಕೂಸಿಗೆ ಸಮಾಧಾನ, ಮನೆಯವರಿಗೆ ಅದರ ಮಾತು ತಿಳಿಯುವುದು, ಇವು ಗುರಿ.

ಎಲ್ಲಿಗೆ ಹೋಗಬೇಕು?

ಮೊದಲು ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಸುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವತ್ತು ಕೂಸನ್ನು ಬಚ್ಚಿಡಬೇಡಿ, ಮುಂದೆ ನಿಲ್ಲಿಸಿ. ಅಲ್ಲಿಂದ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಅದರಲ್ಲಿ ಥೆರಪಿಯೂ ಸೇರಿದೆ. ಸಂಘದ ಸಾಲಕ್ಕೆ ಕೈ ಹಾಕುವ ಮುಂಚೆ ಇವನ್ನೆಲ್ಲಾ ಕೇಳಿ ನೋಡ್ರಿ.

ಸಂಘ ಏನು ಮಾಡಬಹುದು?

ತಾಯಂದಿರೇ ಕಲಿತು ಮಾಡುವ ಪದ್ಧತಿ ಛಲೋ ಅಂತ ಹೇಳಿದೆ. ಆದರೆ ಅದರಲ್ಲಿ ಒಂದು ಮಾತು ಮರೆಯಬಾರದು. ಹೊಲದ ಕೂಲಿ, ಒಲೆ, ನೀರು, ಅತ್ತೆ-ಮಾವನ ಆರೈಕೆ, ಇದರ ಮೇಲೆ ಥೆರಪಿಯೂ ತಾಯಿಯ ಹೆಗಲಿಗೇ ಬಂದರೆ ಆಕೆ ಕುಸೀತಾಳ. ಹಾಗಾದರೆ ಆ ಥೆರಪಿ ಎಷ್ಟೇ ಒಳ್ಳೆಯದಿದ್ದರೂ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪಾಲಕರಿಗಾಗಿ ಮಾಡಿದ ತರಬೇತಿಯಲ್ಲಿ 9 ಗುಂಪು ಸಭೆ, 3 ಮನೆ ಭೇಟಿ ಇವೆ. ಪಾಲಕರು ತಮ್ಮ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೂ ಅದರಲ್ಲಿ ಒಂದು ಪಾಠ. ಗುಂಪಾಗಿ ಕೂಡುವುದು ನಮಗೆ ಹೊಸದಲ್ಲ.

ಆದ್ದರಿಂದ ಪ್ರತಿ ಸಂಘವೂ ಮುಂದಿನ ಸಭೆಯಲ್ಲಿ ಮೂರು ಠರಾವು ಮಾಡಲಿ. ನಮ್ಮ ಓಣಿಯಲ್ಲಿ ಮಾತು ತಡವಾದ, ಕರೆದರೆ ತಿರುಗದ ಕೂಸು ಇದ್ದರೆ ತಾಯಿಯ ಜೊತೆ ಇಬ್ಬರು ಆಸ್ಪತ್ರೆಗೆ ಹೋಗುವುದು. ಥೆರಪಿಯ ಸಾಲ ಕೇಳಿದರೆ ಐದು ಪ್ರಶ್ನೆ ಕೂಡಿ ಕೇಳುವುದು. ವಾರಕ್ಕೆ ಎರಡು ತಾಸು ಆ ಕೂಸನ್ನು ಸರದಿಯಂತೆ ನಾವೇ ನೋಡಿಕೊಂಡು ತಾಯಿಗೆ ಬಿಡುವು ಕೊಡುವುದು. ಆ ಎರಡು ತಾಸಿನಲ್ಲಿ ಕೂಸು ಹೊಸ ಮುಖ ಗುರುತಿಸ್ತದ, ನಮ್ಮ ಮಕ್ಕಳು ಅದರ ಜೊತೆ ಆಡೋದು ಕಲೀತಾರ. ಇದಕ್ಕೆ ಫೀಸಿಲ್ಲ.