ಮುಂದಿನ ಫೋರ್ಕ್‌ಗೆ ಯಾವ ಆಯಿಲ್?



ಸರೋಜಿನಿ ನಗರದ ಮಾರ್ಕೆಟ್ ಬಳಿಯೋ, ರಿಂಗ್ ರೋಡ್ ದಾಟಿ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಮುಂದೆಯೋ ಬೈಕ್ ನಿಲ್ಲಿಸಿದಾಗ ಒಮ್ಮೆ ಬಗ್ಗಿ ನೋಡಿ. ಮುಂದಿನ ಚಕ್ರದ ಎರಡೂ ಬದಿಯ ಹೊಳೆಯುವ ಕೊಳವೆಗಳ ಮೇಲೆ ಎಣ್ಣೆಯ ಉಂಗುರ ಕಾಣುತ್ತಿದೆಯೇ? ಹಾಗಿದ್ದರೆ ಇವತ್ತಿನ ಮಾತು ನಿಮಗೇ.

ಈ ಜೋಡಿ ಕಾಲುಗಳೇ ಫೋರ್ಕ್. ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುತ್ತವೆ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ಹಿಡಿತದಲ್ಲಿಡುವುದು, ಸಣ್ಣ ರಂಧ್ರಗಳ ಮೂಲಕ ನುಗ್ಗುವ ಆಯಿಲ್. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಲ್ಲೂ ಇದೇ ತತ್ವ.

ಆಯಿಲ್ ಹೊರಬರುತ್ತಿದ್ದರೆ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಬೇಡಿ. ಅದು ಕೆಳಗಿಳಿದು ಡಿಸ್ಕ್ ಮತ್ತು ಬ್ರೇಕ್ ಪ್ಯಾಡ್‌ಗೆ ತಗುಲಿದರೆ, ಮುಂದಿನ ಬಸ್ಸು ಗಕ್ಕನೆ ನಿಂತಾಗ ನಿಮ್ಮ ಬ್ರೇಕ್ ಹಿಡಿಯುವುದಿಲ್ಲ. ಆಯಿಲ್ ಕುಡಿದ ಪ್ಯಾಡ್ ಬದಲಿಸಲೇಬೇಕು. ಕೆಲವೊಮ್ಮೆ ಸೀಲ್‌ನ ಅಂಚಿನಲ್ಲಿ ಸಿಕ್ಕ ಧೂಳು ತೆಗೆದರೆ ಸೋರಿಕೆ ನಿಲ್ಲುತ್ತದೆ. ಆದರೆ ಕೊಳವೆಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ಸೀಲ್ ಕೂಡ ಬೇಗ ಹರಿಯುತ್ತದೆ. ಮೊದಲು ಕೊಳವೆ ಸರಿಪಡಿಸಿ.

ಇನ್ನು ಆಯಿಲ್ ಆಯ್ಕೆ. ಬಾಟಲಿಯ ಮೇಲೆ 5, 10, 15, 20 ಎಂಬ ಅಂಕಿಗಳಿರುತ್ತವೆ. ಅಂಕಿ ಹೆಚ್ಚಿದಷ್ಟೂ ಆಯಿಲ್ ಮಂದ. ಆದರೆ ಒಂದು ಕಂಪನಿಯ 10 ಇನ್ನೊಂದರ 10ಕ್ಕೆ ಸಮವೆಂದೇನಿಲ್ಲ. ಬ್ರ್ಯಾಂಡ್ ಬದಲಿಸುವಾಗ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಸೆಂಟಿಸ್ಟೋಕ್ಸ್ ಎಂಬುದನ್ನು ಹೋಲಿಸಿ. ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿಯುವುದು ಬೇಡ. ಬೈಕಿನ ಕೈಪಿಡಿ ಹೇಳಿದ್ದನ್ನೇ ಹಾಕಿಸಿ.

“ಬ್ರೇಕ್ ಹಾಕಿದರೆ ಮುಂಭಾಗ ಕುಸಿಯುತ್ತದೆ, ಮಂದ ಆಯಿಲ್ ಹಾಕೋಣ” ಎನ್ನುವವರಿದ್ದಾರೆ. ಸ್ಪ್ರಿಂಗ್ ಸೋತಿದ್ದರೆ ಆಯಿಲ್ ಅದನ್ನು ಎತ್ತಿ ಹಿಡಿಯಲಾರದು. ಅತಿ ಮಂದ ಆಯಿಲ್ ಹಾಕಿದರೆ ಸಾಲು ಹಂಪ್‌ಗಳ ಮೇಲೆ ಫೋರ್ಕ್ ಬೇಗ ಮೇಲೇಳದೆ, ಪೆಟ್ಟೆಲ್ಲ ನಿಮ್ಮ ಮಣಿಕಟ್ಟಿಗೆ. ದೆಹಲಿಯ ಜನವರಿ ಚಳಿಯಲ್ಲಿ ಅದು ಇನ್ನಷ್ಟು ಮಂದವಾಗುತ್ತದೆ.

ಅಳತೆಯೂ ಅಷ್ಟೇ ಮುಖ್ಯ. ಎರಡೂ ಕಾಲುಗಳಿಗೆ ಕೈಪಿಡಿ ಹೇಳಿದಷ್ಟೇ ಮಿಲಿಲೀಟರ್ ಹಾಕಬೇಕು, ಅಂದಾಜಿನಲ್ಲಲ್ಲ. ಹೆಚ್ಚಾದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಸೀಲ್ ಮೇಲೆ ಒತ್ತಡ ಬೀಳುತ್ತದೆ. ಹಳೆಯ ಆಯಿಲ್ ಪೂರ್ತಿ ಬಸಿಯದೆ ಅದರ ಮೇಲೆಯೇ ಹೊಸದನ್ನು ಸುರಿದರೆ ಅಳತೆ ತಪ್ಪುತ್ತದೆ.

ಅನುಭವವಿಲ್ಲದೆ ಮನೆಯಲ್ಲಿ ಫೋರ್ಕ್ ಬಿಚ್ಚಬೇಡಿ. ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ, ಕೈತಪ್ಪಿದರೆ ಮುಖಕ್ಕೇ ಹಾರುತ್ತದೆ. ಬಿಡಿಭಾಗ ಕರೋಲ್ ಬಾಗ್‌ನಲ್ಲಿ ಕೊಂಡರೂ ಕೆಲಸ ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ. ಮೂರು ಪ್ರಶ್ನೆ ಕೇಳಿ: ಯಾವ ಗ್ರೇಡ್? ಎಷ್ಟು ಮಿಲಿಲೀಟರ್? ಎರಡೂ ಕಡೆ ಸಮವೇ? ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಸರ್ವಿಸ್ ಆದ ಮೇಲೆ ಖಾಲಿ ಗಲ್ಲಿಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಪರೀಕ್ಷಿಸಿ. ಆಮೇಲೆ ರಿಂಗ್ ರೋಡಿಗೆ ಇಳಿಯಿರಿ. ಹೆಲ್ಮೆಟ್ ಮರೆಯಬೇಡಿ.